ಎಂಟು ವರ್ಷದ ವಿವಾದ, ಒಂದೇ ಪಂದ್ಯ, ಆಮೇಲೆ ರಾಜೀನಾಮೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಹೈಸ್ಕೂಲಿನ ಫುಟ್ಬಾಲ್ ಕೋಚ್ ಜೋಸೆಫ್ ಕೆನಡಿ 2023ರ ಸೆಪ್ಟೆಂಬರಿನಲ್ಲಿ ನೀಡಿದ ರಾಜೀನಾಮೆಯ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ನಿವೃತ್ತ ದೈಹಿಕ ಶಿಕ್ಷಕ. ಪ್ರಾರ್ಥನೆ ಮಾಡಿದ್ದಕ್ಕೆ ಕೆಲಸ ಕಳೆದುಕೊಂಡ ಕೋಚ್ ಒಬ್ಬರು ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಮರಳಿ ಬಂದರೆಂದೂ, ಒಂದೇ ಪಂದ್ಯ ಮುಗಿಸಿ ರಾಜೀನಾಮೆ ಕೊಟ್ಟರೆಂದೂ ಮಗ ಹೇಳಿದ. ನಂಬಲು ಕಷ್ಟವಾಯಿತು. ನಡೆದದ್ದೇನು? — ಧಾರವಾಡದ ಓದುಗರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಅಲ್ಲಿ ಫುಟ್ಬಾಲ್ ಎಂದರೆ ಹೆಲ್ಮೆಟ್ ಧರಿಸಿ, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಹೈಸ್ಕೂಲು ತಂಡಗಳ ಋತು ಸೆಪ್ಟೆಂಬರ್ ಆರಂಭದಿಂದ ನವೆಂಬರಿನವರೆಗೆ ನಡೆಯುತ್ತದೆ. ಶುಕ್ರವಾರ ರಾತ್ರಿಯ ಪಂದ್ಯಗಳಿಗೆ ಸಣ್ಣ ಊರುಗಳಲ್ಲಿ ನಮ್ಮ ಜಾತ್ರೆಗೆ ಸೇರಿದಂತೆ ಜನ ಸೇರುತ್ತಾರೆ. ಸಹಾಯಕ ಕೋಚ್ ಹುದ್ದೆ ಮಾತ್ರ ಕಾಯಂ ನೌಕರಿಯಲ್ಲ, ಸಣ್ಣ ಗೌರವಧನದ ಮೇಲೆ ವರ್ಷ ವರ್ಷವೂ ಮಾಡಿಕೊಳ್ಳುವ ಒಪ್ಪಂದ.

ಬ್ರೆಮರ್ಟನ್ ಸಿಯಾಟಲ್‌ನಿಂದ ಫೆರ್ರಿಯಲ್ಲಿ ಸುಮಾರು ಒಂದು ಗಂಟೆ ದೂರದ, ನೌಕಾಪಡೆಯ ಹಡಗುಕಟ್ಟೆಯ ಊರು. ಮರೀನ್ ಪಡೆಯಿಂದ ನಿವೃತ್ತರಾದ ಕೆನಡಿ 2008ರಲ್ಲಿ ಅಲ್ಲಿನ ಹೈಸ್ಕೂಲಿನ ಮುಖ್ಯ ತಂಡಕ್ಕೆ ಸಹಾಯಕ ಕೋಚ್ ಆಗಿ, ಕಿರಿಯರ ತಂಡಕ್ಕೆ ಮುಖ್ಯ ಕೋಚ್ ಆಗಿ ಸೇರಿದರು. ಪ್ರತಿ ಪಂದ್ಯದ ನಂತರ ಮೈದಾನದ ನಟ್ಟನಡುವಿನ ಐವತ್ತು ಗಜದ ಗೆರೆಯ ಬಳಿ ಮಂಡಿಯೂರಿ ಪ್ರಾರ್ಥಿಸುವುದು ಅವರ ಪದ್ಧತಿಯಾಯಿತು. ಮೊದಲು ಒಬ್ಬರೇ ಇದ್ದರು. ಬರುಬರುತ್ತ ಹುಡುಗರು ಸುತ್ತ ಸೇರಿದರು, ಎದುರಾಳಿ ತಂಡದವರೂ ಬಂದರು, ಕೊನೆಗೆ ಹೆಲ್ಮೆಟ್ ಎತ್ತಿ ಹಿಡಿದು ಮಾಡುವ ಪ್ರೋತ್ಸಾಹದ ಮಾತಿನೊಳಗೇ ಪ್ರಾರ್ಥನೆಯೂ ಸೇರಿತು. 2015ರ ಸೆಪ್ಟೆಂಬರಿನಲ್ಲಿ ಇದು ಆಡಳಿತದ ಗಮನಕ್ಕೆ ಬಂದದ್ದು ದೂರಿನಿಂದಲ್ಲ, ಬೇರೊಂದು ಶಾಲೆಯವರು ಮೆಚ್ಚಿ ಆಡಿದ ಮಾತಿನಿಂದ ಎಂಬುದು ಈ ಪ್ರಕರಣದ ವಿಚಿತ್ರಗಳಲ್ಲೊಂದು.

ಕರ್ತವ್ಯದ ಮೇಲಿರುವಾಗ ವಿದ್ಯಾರ್ಥಿಗಳೊಡನೆ ಪ್ರಾರ್ಥನೆ ಕೂಡದೆಂದು ಶಾಲಾ ಜಿಲ್ಲೆಯ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ) ಸೂಪರಿಂಟೆಂಡೆಂಟ್ ಪತ್ರ ಬರೆದರು. ಕೆನಡಿ ಮೊದಲು ಒಪ್ಪಿದರು. ಬಳಿಕ ವಕೀಲರ ಮೂಲಕ ಅಕ್ಟೋಬರ್ 16ರ ಪಂದ್ಯದಿಂದ ಮತ್ತೆ ಪ್ರಾರ್ಥಿಸುವುದಾಗಿ ತಿಳಿಸಿದರು. 16, 23 ಮತ್ತು 26ರಂದು ಪ್ರಾರ್ಥಿಸಿದ ಮೇಲೆ 28ರಂದು ಅವರನ್ನು ಸಂಬಳ ಸಹಿತ ರಜೆಯ ಮೇಲೆ ಕಳುಹಿಸಲಾಯಿತು. ಮರುವರ್ಷದ ಒಪ್ಪಂದಕ್ಕೆ ಅವರು ಅರ್ಜಿ ಹಾಕಲಿಲ್ಲ, ದಾವೆ ಹೂಡಿದರು. ಕೆಳಗಿನ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಸೋತರು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಎರಡನೆಯ ಸಲ ಕೈಗೆತ್ತಿಕೊಂಡಾಗ, 2022ರ ಜೂನ್ 27ರಂದು, 6–3ರ ಬಹುಮತದಲ್ಲಿ ಅವರು ಗೆದ್ದರು. 2023ರ ಮಾರ್ಚಿನಲ್ಲಿ ಅವರ ವಕೀಲರ ಶುಲ್ಕವಾಗಿ ಸುಮಾರು 17.75 ಲಕ್ಷ ಡಾಲರ್ ನೀಡಲು ಶಾಲಾ ಮಂಡಳಿ ಒಪ್ಪಿತು. ಕೆನಡಿ ಕೆಲಸಕ್ಕೆ ಮರಳಿದ ಮೇಲಿನ ಮೊದಲ ಪಂದ್ಯದಲ್ಲಿ, ಅದೇ ವರ್ಷ ಸೆಪ್ಟೆಂಬರ್ 1ರಂದು, ಕೆನಡಾದ ವಿಕ್ಟೋರಿಯಾದಿಂದ ಬಂದ ಮೌಂಟ್ ಡಗ್ಲಸ್ ಶಾಲೆಯ ವಿರುದ್ಧ ಬ್ರೆಮರ್ಟನ್ 27–12ರಿಂದ ಗೆದ್ದಿತು. ಕೆನಡಿ ಮೈದಾನದ ನಡುವೆ ಒಬ್ಬರೇ ಕೆಲವು ಕ್ಷಣ ಮಂಡಿಯೂರಿದರು. 6ರಂದು ರಾಜೀನಾಮೆ ಪತ್ರ ಬಂತು. ಹಾಗಾಗಿ ಇದನ್ನು ಋತುವಿನ ನಡುವಿನ ರಾಜೀನಾಮೆ ಎನ್ನುವುದಕ್ಕಿಂತ ಋತು ಶುರುವಾದ ವಾರದ ರಾಜೀನಾಮೆ ಎನ್ನುವುದು ಸರಿ.

ಪ್ರಶ್ನೆ: ಮನೆಯವರ ಅನಾರೋಗ್ಯ ಕಾರಣವೆಂದು ಅವರು ಹೇಳಿದರಂತೆ. ಇಲ್ಲಿ ನಮ್ಮ ಸ್ನೇಹಿತರ ಬಳಗದಲ್ಲಿ ಅರ್ಧ ಜನ “ಪಾಪ” ಅನ್ನುತ್ತಾರೆ, ಇನ್ನರ್ಧ ಜನ “ಎಲ್ಲವೂ ಮೊದಲೇ ಬರೆದಿಟ್ಟ ನಾಟಕ” ಅನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು? — ರೆಡ್ಮಂಡ್‌ನಲ್ಲಿ ನೆಲೆಸಿರುವ ಓದುಗರು

ಉತ್ತರ: ಅವರು ಕೊಟ್ಟ ಕಾರಣ ಒಂದಲ್ಲ, ಮೂರು. ಬೇರೆ ರಾಜ್ಯದಲ್ಲಿರುವ, ಆರೋಗ್ಯ ಕೆಟ್ಟಿರುವ ಕುಟುಂಬದವರೊಬ್ಬರನ್ನು ನೋಡಿಕೊಳ್ಳಬೇಕು ಎಂಬುದು ಮೊದಲನೆಯದು. ಧಾರ್ಮಿಕ ಸ್ವಾತಂತ್ರ್ಯದ ಪರವಾದ ಕೆಲಸವನ್ನು ಶಾಲಾ ವ್ಯವಸ್ಥೆಯ ಹೊರಗಿದ್ದೇ ಚೆನ್ನಾಗಿ ಮಾಡಬಲ್ಲೆ ಎಂಬುದು ಎರಡನೆಯದು. ಮರಳಿ ಬಂದ ಮೇಲೂ ಆಡಳಿತ ತಮ್ಮ ಪಾತ್ರವನ್ನು ಕುಗ್ಗಿಸಿತು, ತಮ್ಮನ್ನು ಬೇರೆಯಾಗಿ ನಡೆಸಿಕೊಂಡಿತು, ಇದು ಸೇಡಿನ ಕ್ರಮವೆಂದೇ ತಾವು ಭಾವಿಸುವುದಾಗಿ ಹೇಳಿದ್ದು ಮೂರನೆಯದು. ಶಾಲಾ ಜಿಲ್ಲೆ ಸಿಬ್ಬಂದಿಯ ವಿಷಯದಲ್ಲಿ ಪ್ರತಿಕ್ರಿಯಿಸುವುದಿಲ್ಲ ಎಂದು ಸುಮ್ಮನಾಯಿತು. ಆದ್ದರಿಂದ ಮೂರನೆಯ ಆರೋಪಕ್ಕೆ ಎದುರುತ್ತರ ಸಾರ್ವಜನಿಕವಾಗಿ ಸಿಗಲಿಲ್ಲ.

ಒಬ್ಬರ ಮನೆಯ ಕಾಯಿಲೆಯನ್ನು ದೂರದಲ್ಲಿ ಕುಳಿತವರು ತೂಗಿ ನೋಡುವುದು ಸಭ್ಯತೆಯಲ್ಲ, ನಾನದನ್ನು ಮಾಡುವುದಿಲ್ಲ. “ಬರೆದಿಟ್ಟ ನಾಟಕ” ಎನ್ನುವವರ ಕೈಯಲ್ಲಿ ಅದಕ್ಕೆ ಬೇಕಾದ ಸಾಕ್ಷ್ಯವೂ ಇಲ್ಲ. ಆದರೆ ಎರಡನೆಯ ಕಾರಣ ಅವರದೇ ಮಾತು, ಅದನ್ನು ಅವರ ಹಿಂದಿನ ಮಾತಿನ ಪಕ್ಕದಲ್ಲಿಟ್ಟು ಓದುವುದರಲ್ಲಿ ತಪ್ಪಿಲ್ಲ. ದಾವೆ ನಡೆಯುತ್ತಿದ್ದಾಗಲೇ ಅವರು ಫ್ಲಾರಿಡಾಕ್ಕೆ ಮನೆ ಬದಲಾಯಿಸಿದ್ದರು. ಇನ್ನು ಈ ವ್ಯಾಜ್ಯದಲ್ಲಿ ತೀರ್ಮಾನಿಸಲು ಏನು ಉಳಿದಿದೆ ಎಂದು ಶಾಲಾ ಜಿಲ್ಲೆ ಕೇಳಿದಾಗ, ಕೆಲಸ ಮರಳಿ ಸಿಕ್ಕರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಬ್ರೆಮರ್ಟನ್‌ಗೆ ಬರಲು ಸಿದ್ಧ ಎಂಬುದು ಅವರ ಕಡೆಯ ಉತ್ತರವಾಗಿತ್ತು. ನ್ಯಾಯಾಲಯದ ಮುಂದೆ ಕೆಲಸ ಬೇಕೇಬೇಕು ಎಂದವರು, ಮೊದಲ ಪಂದ್ಯ ಮುಗಿದು ವಾರದೊಳಗೇ ಶಾಲೆಯ ಹೊರಗೇ ತಮ್ಮ ಜಾಗ ಎಂದರು. ಮರು ತಿಂಗಳು, ಅಕ್ಟೋಬರಿನಲ್ಲಿ, ಅವರ ಆತ್ಮಕಥನ ಪ್ರಕಟವಾಯಿತು. ಇಷ್ಟನ್ನು ನೋಡಿದ ಯಾರಿಗಾದರೂ ಅವರ ಗುರಿ ಪ್ರಾರ್ಥನೆಯ ಹಕ್ಕನ್ನು ಸ್ಥಾಪಿಸುವುದಾಗಿತ್ತು, ಆ ತಂಡಕ್ಕೆ ಆಟ ಕಲಿಸುವುದು ಅದಕ್ಕೆ ಎರಡನೆಯದಾಗಿತ್ತು ಎನ್ನಿಸಿದರೆ ಅದು ಅನ್ಯಾಯದ ತೀರ್ಮಾನವಲ್ಲ. ಹಕ್ಕಿಗಾಗಿ ಹೋರಾಡುವುದು ಕೆಟ್ಟ ಗುರಿ ಎಂದು ನಾನು ಹೇಳುತ್ತಿಲ್ಲ. ಋತುವಿಡೀ ಉಳಿಯುವ ಮನಸ್ಸಿಲ್ಲದಿದ್ದರೆ, ಅಭ್ಯಾಸ ಶುರುವಾಗುವ ಆಗಸ್ಟಿನಲ್ಲೇ ಹುಡುಗರಿಗೆ ಹಾಗೆಂದು ತಿಳಿಸಬಹುದಿತ್ತು ಎನ್ನುವುದಷ್ಟೇ ನನ್ನ ಆಕ್ಷೇಪ.

ಪ್ರಶ್ನೆ: ಗೆದ್ದವರೇ ಕೆಲಸ ಬಿಟ್ಟ ಮೇಲೆ ತೀರ್ಪಿನ ಬಲ ಕುಗ್ಗುವುದಿಲ್ಲವೇ? — ಮೈಸೂರಿನ ಕಾನೂನು ವಿದ್ಯಾರ್ಥಿ

ಉತ್ತರ: ಕುಗ್ಗುವುದಿಲ್ಲ. ತೀರ್ಪು ಬರುವ ಮುಂಚೆ ರಾಜೀನಾಮೆ ಕೊಟ್ಟಿದ್ದರೆ ವ್ಯಾಜ್ಯವೇ ಉಳಿದಿಲ್ಲವೆಂಬ ವಾದಕ್ಕೆ ಬಲ ಬರುತ್ತಿತ್ತು. ತೀರ್ಪಿನ ನಂತರದ ರಾಜೀನಾಮೆ ಅದನ್ನು ಮುಟ್ಟಲಾರದು. ಪಂದ್ಯ ಮುಗಿದ ಮೇಲಿನ ಆ ಬಿಡುವಿನಲ್ಲಿ ಇತರ ಕೋಚ್‌ಗಳು ಫೋನ್ ನೋಡಬಹುದು, ಸ್ನೇಹಿತರನ್ನು ಮಾತನಾಡಿಸಬಹುದು ಎಂದ ಮೇಲೆ ಒಬ್ಬರ ವೈಯಕ್ತಿಕ ಪ್ರಾರ್ಥನೆಯನ್ನು ಮಾತ್ರ ತಡೆಯುವುದು ಧರ್ಮಾಚರಣೆಯ ಮತ್ತು ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ನ್ಯಾಯಮೂರ್ತಿ ನೀಲ್ ಗೋರ್ಸಚ್ ಬಹುಮತದ ಪರವಾಗಿ ಬರೆದರು. ಸರ್ಕಾರ ಮತ್ತು ಧರ್ಮದ ಸಂಬಂಧವನ್ನು ಅಳೆಯಲು 1971ರ ಒಂದು ಪ್ರಕರಣದಲ್ಲಿ ರೂಪಿಸಿದ್ದ ಒರೆಗಲ್ಲನ್ನು ಕೈಬಿಟ್ಟು, ಚಾರಿತ್ರಿಕ ಪದ್ಧತಿ ಮತ್ತು ತಿಳಿವಳಿಕೆಗಳನ್ನು ನೋಡಬೇಕೆಂದರು. ಮುಂದಿನ ಪ್ರಕರಣಗಳ ಮೇಲೆ ದೊಡ್ಡ ಪರಿಣಾಮ ಆಗುವುದು ಇದರಿಂದ, ಕೆನಡಿಯವರ ನೌಕರಿಯಿಂದಲ್ಲ. ಶಾಲೆಯೇ ನಡೆಸುವ ಪ್ರಾರ್ಥನೆಯನ್ನು ತಡೆದ 1962ರ ತೀರ್ಪಾಗಲಿ, ಟೆಕ್ಸಸ್‌ನ ಶಾಲೆಯೊಂದರಲ್ಲಿ ಫುಟ್ಬಾಲ್ ಪಂದ್ಯಕ್ಕೆ ಮುಂಚೆ ಧ್ವನಿವರ್ಧಕದಲ್ಲಿ ಪ್ರಾರ್ಥಿಸುವುದನ್ನು ನಿಲ್ಲಿಸಿದ 2000ದ ತೀರ್ಪಾಗಲಿ ರದ್ದಾಗಿಲ್ಲ. ಕೋಚ್ ತಂಡವನ್ನು ಸೇರಿಸಿಕೊಂಡು ಪ್ರಾರ್ಥನೆ ಹೇಳಿಸಲು ಇಂದಿಗೂ ಅನುಮತಿ ಇಲ್ಲ.

ಬಹುಮತದ ತೀರ್ಪು ಅಕ್ಟೋಬರಿನ ಆ ಮೂರು ಪ್ರಾರ್ಥನೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು, ಅವನ್ನು ಸದ್ದಿಲ್ಲದ ಖಾಸಗಿ ಪ್ರಾರ್ಥನೆ ಎಂದು ನೋಡಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮಯರ್, ಕೋಚ್ ಸುತ್ತ ಹುಡುಗರ ಗುಂಪಿರುವ ಫೋಟೊಗಳನ್ನು ತೀರ್ಪಿನೊಳಗೇ ಅಚ್ಚು ಹಾಕಿಸಿದರು. ಕಾನೂನು ವಿದ್ಯಾರ್ಥಿಯಾಗಿ ನೀವು ಎರಡನ್ನೂ ಓದಬೇಕು: ಒಂದೇ ಘಟನೆಯ ಯಾವ ಭಾಗವನ್ನು ಒಳಗಿಟ್ಟು ಯಾವುದನ್ನು ಹೊರಗಿಡುತ್ತೇವೆ ಎಂಬುದರ ಮೇಲೆಯೇ ಅರ್ಧ ಫಲಿತಾಂಶ ನಿಂತಿರುವುದು ಇಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣಗಳು ಕಡಿಮೆ.

ಪ್ರಶ್ನೆ: ಎಲ್ಲರೂ ಕೋಚ್ ಬಗ್ಗೆಯೇ ಮಾತನಾಡುತ್ತಾರೆ. ಆಡುವ ಹುಡುಗರಿಗೆ ಏನಾಯಿತು? — ಹಾಸನದ ಓದುಗರು

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಇದು. 2023ರ ರಾಜೀನಾಮೆ ಜಗತ್ತಿನ ಪತ್ರಿಕೆಗಳಲ್ಲಿ ಬಂತು. 2015ರಲ್ಲಿ ಅದೇ ತಂಡದಲ್ಲಿ ನಡೆದ ನಿರ್ಗಮನಗಳ ಸುದ್ದಿ ಭಿನ್ನಮತದ ತೀರ್ಪಿನ ಪುಟಗಳನ್ನು ಓದಿದವರಿಗೆ ಮಾತ್ರ ಗೊತ್ತು.

2015ರ ಅಕ್ಟೋಬರ್ 16ರ ಪಂದ್ಯ ಮುಗಿಯುತ್ತಿದ್ದಂತೆ, ಮಾಧ್ಯಮದಲ್ಲಿ ಸುದ್ದಿ ಓದಿ ಬಂದಿದ್ದ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ನೂಕುನುಗ್ಗಲಿನಲ್ಲಿ ಶಾಲೆಯ ಬ್ಯಾಂಡಿನ ಮಕ್ಕಳು ಕೆಳಗೆ ಬಿದ್ದರು, ಪಾಲಕರು ದೂರು ಕೊಟ್ಟರು. ಮುಖ್ಯ ಕೋಚ್ ಬಳಿಗೆ ವಯಸ್ಕನೊಬ್ಬ ಬಂದು ಬಾಯಿಗೆ ಬಂದಂತೆ ಬೈದ. ಹನ್ನೊಂದು ವರ್ಷದಿಂದ ಆ ತಂಡವನ್ನು ಕಟ್ಟಿದ್ದ ಅವರು, ಗುಂಪಿನೊಳಗಿಂದ ಯಾರಾದರೂ ತಮ್ಮ ಮೇಲೆ ಅಥವಾ ಸಹಾಯಕರ ಮೇಲೆ ಗುಂಡು ಹಾರಿಸಿಯಾರೆಂದು ಹೆದರಿ ಆ ಋತುವಿನ ನಂತರ ಕೆಲಸ ಬಿಟ್ಟರು. ಐವರು ಸಹಾಯಕ ಕೋಚ್‌ಗಳಲ್ಲಿ ಮೂವರು ಮರುವರ್ಷಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಕೆನಡಿಯವರ ನಂಬಿಕೆಯನ್ನು ಗೌರವಿಸುವವರು ಕೂಡ ಈ ಲೆಕ್ಕವನ್ನು ಬಿಟ್ಟು ಮಾತನಾಡಬಾರದು. ಗುಂಪು ನುಗ್ಗಿದ್ದಕ್ಕೆ ಅವರೊಬ್ಬರೇ ಹೊಣೆಯಲ್ಲ ಎನ್ನುವುದೂ ನಿಜವೇ.

ಹುಡುಗರ ವಿಷಯ ಇದಕ್ಕಿಂತ ಸೂಕ್ಷ್ಮ. ದೇವರನ್ನು ನಂಬದ ಹುಡುಗನೊಬ್ಬ, ಪ್ರಾರ್ಥನೆಗೆ ಸೇರದಿದ್ದರೆ ಆಡಲು ಅವಕಾಶ ಕಡಿಮೆಯಾದೀತೆಂಬ ಅಂಜಿಕೆಯಿಂದ ಸೇರುತ್ತಿದ್ದನೆಂದು ಅವನ ತಂದೆ ಶಾಲೆಗೆ ತಿಳಿಸಿದ್ದು ದಾಖಲೆಯಲ್ಲಿದೆ. ಕೆನಡಿ ತಮ್ಮ ತಂಡದ ಹುಡುಗರಲ್ಲಿ ಯಾರನ್ನೂ ಬಾ ಎಂದು ಒತ್ತಾಯಿಸಲಿಲ್ಲ ಎಂಬುದು ಅವರ ಪರ ವಾದ, ಅದು ಸುಳ್ಳೂ ಅಲ್ಲ. ಆದರೆ ಧಾರವಾಡದ ನಿವೃತ್ತ ಮೇಷ್ಟರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ: ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಎಂದು ನಿರ್ಧರಿಸುವವರು ಮೈದಾನದ ನಡುವೆ ನಿಂತು ಏನು ಮಾಡಿದರೂ ಹದಿನಾರರ ಹುಡುಗ ಅದನ್ನು ಕರೆಯೆಂದೇ ಓದುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ಆಡಿದ ಹುಡುಗರು 2015ರಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದವರು. ಅವರಿಗೆ ಹಳೆಯ ಜಗಳದಲ್ಲಿ ಪಾಲಿರಲಿಲ್ಲ, ಆದರೆ ಅವರ ಋತುವಿನ ಮೊದಲ ಪಂದ್ಯ ಕ್ಯಾಮೆರಾಗಳ ನಡುವೆ ಕಳೆಯಿತು, ಎರಡನೆಯದಕ್ಕೆ ಹೊರಡುವಷ್ಟರಲ್ಲಿ ಒಬ್ಬ ಕೋಚ್ ಇರಲಿಲ್ಲ.

ಪ್ರಶ್ನೆ: ನಮ್ಮ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕರು ಹೀಗೆ ಮಾಡಿದರೆ? — ಶಿವಮೊಗ್ಗದ ಶಿಕ್ಷಕಿ

ಉತ್ತರ: ಅಮೆರಿಕದ ತೀರ್ಪು ಇಲ್ಲಿ ಲಾಗೂ ಆಗುವುದಿಲ್ಲ. ಅಲ್ಲಿ ಎಲ್ಲವೂ ಧರ್ಮ ಮತ್ತು ಮಾತಿನ ಸ್ವಾತಂತ್ರ್ಯದ ಬಗ್ಗೆ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಹೇಳುವ ಕೆಲವೇ ಪದಗಳ ಅರ್ಥವಿವರಣೆ. ನಮ್ಮ ಸಂವಿಧಾನ ಶಾಲೆಯನ್ನು ಹೆಸರಿಸಿಯೇ ಮಾತನಾಡುತ್ತದೆ. 28ನೇ ವಿಧಿಯ ಪ್ರಕಾರ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಯಾರನ್ನೂ ಧಾರ್ಮಿಕ ಬೋಧನೆಯಲ್ಲಿ ಅಥವಾ ಆರಾಧನೆಯಲ್ಲಿ ಭಾಗವಹಿಸುವಂತೆ ಮಾಡುವಂತಿಲ್ಲ. ಪಂದ್ಯದ ನಂತರ ಒಬ್ಬರೇ ಕಣ್ಣು ಮುಚ್ಚಿ ಕೈ ಮುಗಿಯುವುದು ಬೋಧನೆಯಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಮಾತು ಬದಲಾಗುತ್ತದೆ.

ಪ್ರಶ್ನೆ: ನನ್ನ ಮಗ ಇಲ್ಲಿನ ಹೈಸ್ಕೂಲು ತಂಡದಲ್ಲಿ ಆಡುತ್ತಾನೆ. ಅವನ ಕೋಚ್ ಕಳೆದ ವಾರ ಏಕಾಏಕಿ ರಾಜೀನಾಮೆ ಕೊಟ್ಟರು, ಪ್ರಾರ್ಥನೆಗೂ ಅದಕ್ಕೂ ಸಂಬಂಧವಿಲ್ಲ. ಶಾಲೆ ಕಾರಣ ಹೇಳುತ್ತಿಲ್ಲ, ಪಾಲಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಊಹಾಪೋಹ ತುಂಬಿದೆ. ನಾವು ಏನು ಕೇಳಬಹುದು? — ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಿಂದ ಒಬ್ಬ ತಾಯಿ

ಉತ್ತರ: ಕಾರಣ ಹೇಳದಿರುವುದು ತಪ್ಪನ್ನು ಮುಚ್ಚಿಡುವುದಕ್ಕೇ ಇರಬೇಕೆಂದಿಲ್ಲ, ಸಿಬ್ಬಂದಿಯ ವಿಷಯದಲ್ಲಿ ಶಾಲಾ ಜಿಲ್ಲೆಗಳು ಸಾಮಾನ್ಯವಾಗಿ ಹೀಗೆಯೇ ಬಾಯಿ ಮುಚ್ಚಿಕೊಳ್ಳುತ್ತವೆ. ಆದರೆ ನಿಮ್ಮ ರಾಜ್ಯದಲ್ಲಿ 1971ರ ಮುಕ್ತ ಸಭೆಗಳ ಕಾಯ್ದೆಯೂ, 1972ರಲ್ಲಿ ಮತದಾರರೇ ಅಂಗೀಕರಿಸಿದ ಸಾರ್ವಜನಿಕ ದಾಖಲೆಗಳ ಕಾನೂನೂ ಇವೆ. ನೌಕರರ ಮೇಲಿನ ದೂರನ್ನು ಶಾಲಾ ಮಂಡಳಿ ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಬಹುದು, ಅಂತಿಮ ಮತದಾನವನ್ನು ಮಾತ್ರ ಎಲ್ಲರೆದುರು ಮಾಡಬೇಕು. ರಾಜೀನಾಮೆ ಪತ್ರದ ಪ್ರತಿಯನ್ನು ಕೋರಿ ನೀವು ಲಿಖಿತ ಅರ್ಜಿ ಹಾಕಬಹುದು. ಆರೋಗ್ಯದಂಥ ಖಾಸಗಿ ವಿವರಗಳಿದ್ದರೆ ಅವನ್ನು ಮರೆಮಾಡಿ ಕೊಟ್ಟಾರು. ಪತ್ರ ಕೈಗೆ ಬರುವವರೆಗೆ ಗುಂಪಿನಲ್ಲಿ ಹರಿದಾಡುವ ಕಾರಣಗಳನ್ನು ಮುಂದಕ್ಕೆ ಕಳುಹಿಸಬೇಡಿ. ಹೋದ ಕೋಚ್‌ಗೂ ಆ ಊರಿನಲ್ಲೇ ಬದುಕಬೇಕಿದೆ, ಅವರ ಮಕ್ಕಳು ನಿಮ್ಮ ಮಗನ ತರಗತಿಯಲ್ಲೇ ಇರಬಹುದು.

ಅದಕ್ಕಿಂತ ತುರ್ತಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ, ಅವನ್ನು ಶಾಲೆಯ ಕ್ರೀಡಾ ನಿರ್ದೇಶಕರಿಗೆ ಈ ವಾರವೇ ಕೇಳಿ. ಮುಂದಿನ ಪಂದ್ಯಕ್ಕೆ ಹುಡುಗರ ಹೊಣೆ ಯಾರದು? ತಾತ್ಕಾಲಿಕವಾಗಿ ಬಂದವರಿಗೆ ಪ್ರಥಮ ಚಿಕಿತ್ಸೆಯ ಮತ್ತು ತಲೆಪೆಟ್ಟು ಗುರುತಿಸುವ ತರಬೇತಿ ಆಗಿದೆಯೇ? ತಲೆಗೆ ಪೆಟ್ಟು ಬಿದ್ದಿರುವ ಶಂಕೆಯಿದ್ದರೆ ಆಟಗಾರನನ್ನು ತಕ್ಷಣ ಹೊರಗೆ ಕರೆಸಬೇಕು, ಪರವಾನಗಿ ಪಡೆದ ಆರೋಗ್ಯ ತಜ್ಞರು ಬರೆದುಕೊಡುವವರೆಗೆ ಮತ್ತೆ ಇಳಿಸಬಾರದು ಎಂಬ ಕಾನೂನನ್ನು ನಿಮ್ಮ ರಾಜ್ಯ 2009ರಲ್ಲೇ, ಅಮೆರಿಕದಲ್ಲಿ ಮೊದಲನೆಯದಾಗಿ, ತಂದಿದೆ. ಋತುವಿನ ಆರಂಭದಲ್ಲಿ ಆ ಮಾಹಿತಿ ಪತ್ರಕ್ಕೆ ನೀವೂ ನಿಮ್ಮ ಮಗನೂ ಸಹಿ ಹಾಕಿರುತ್ತೀರಿ. ಹೊಸದಾಗಿ ಬಂದ ಕೋಚ್‌ಗೆ ಆ ನಿಯಮ ತಿಳಿದಿದೆಯೇ ಎಂಬುದನ್ನು ಶುಕ್ರವಾರಕ್ಕೆ ಮುಂಚೆ ಖಚಿತಪಡಿಸಿಕೊಳ್ಳಿ.