ಉತ್ತರ ಕನ್ನಡದಲ್ಲಿ ಐದು ದಿನ: ಒಂದೇ ನದಿಯ ಬೆನ್ನು ಹಿಡಿಯಿರಿ

ನವೆಂಬರ್ ಕೊನೆಯಲ್ಲಿ ಐದು ದಿನ ರಜೆ ಇದೆ. ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ಕಾರವಾರ, ಗೋಕರ್ಣ, ಮುರ್ಡೇಶ್ವರ, ಯಾಣ, ಜೋಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿ ಎಲ್ಲವನ್ನೂ ನೋಡಿ ಬರಬಹುದೇ, ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ ಎಂದು ಕೇಳಿದ್ದೀರಿ. ಬರಬಹುದು. ಆದರೆ ಅಮ್ಮ ಊರುಗಳಿಗಿಂತ ಹೆಚ್ಚಾಗಿ ಘಟ್ಟದ ತಿರುವುಗಳನ್ನೇ ನೋಡಿರುತ್ತಾರೆ. ಪಟ್ಟಿಯಲ್ಲಿ ಅರ್ಧವನ್ನು ಈಗಲೇ ಅಳಿಸಿಬಿಡಿ ಎಂದು ಈ ಜಿಲ್ಲೆಯವನಾಗಿ ಕಳಕಳಿಯಿಂದ ಹೇಳುತ್ತೇನೆ.

ಉತ್ತರ ಕನ್ನಡದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ನದಿಗಳು ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತವೆ. ಘಟ್ಟದ ಮೇಲಿನ ಜಲಪಾತಗಳು, ಕೆಳಗೆ ನದಿ ಕಡಲು ಸೇರುವ ಅಳಿವೆಗಳು, ಅಳಿವೆಯ ಪಕ್ಕದ ಊರುಗಳು ಎಲ್ಲವೂ ಈ ನಾಲ್ಕರ ಮೇಲೆಯೇ ಪೋಣಿಸಿಕೊಂಡಿವೆ. ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಕೆಳಗೆ ಗಂಗಾವಳಿಯಾಗುತ್ತದೆ. ಸಾತೊಡ್ಡಿಯ ನೀರು ಕಾಳಿಗೆ ಹೋಗುತ್ತದೆ. ಒಂದು ರಜೆಗೆ ಒಂದು ನದಿ ಸಾಕು. ಈ ಸಲ ಅಘನಾಶಿನಿಯನ್ನು ಆರಿಸಿಕೊಳ್ಳಿ. ಈ ನಾಲ್ಕರಲ್ಲಿ ದೊಡ್ಡ ಅಣೆಕಟ್ಟೆಯ ಹಂಗಿಲ್ಲದೆ ಹುಟ್ಟಿನಿಂದ ಕಡಲಿನವರೆಗೆ ಹರಿಯುವ ನದಿ ಎಂದು ಇದಕ್ಕೆ ಹೆಸರಿದೆ. ನವೆಂಬರಿನಲ್ಲಿ ಇದರಿಂದ ನಿಮಗೆ ನೇರ ಪ್ರಯೋಜನವೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಯ ನೀರು ವಿದ್ಯುತ್ತಿಗೆ ಮೀಸಲಾಗಿ, ಮಳೆಗಾಲ ಕಳೆದರೆ ಜೋಗದ ಬಂಡೆಯ ಮೇಲೆ ತೆಳು ಧಾರೆಗಳಷ್ಟೇ ಉಳಿಯುತ್ತವೆ. ಅಘನಾಶಿನಿಯ ಜಲಪಾತವಾದ ಉಂಚಳ್ಳಿಯಲ್ಲಿ ನೀರನ್ನು ಹಿಡಿದಿಡುವವರಿಲ್ಲ.

ಮೊದಲ ದಿನ ಶಿರಸಿ ತಲುಪುವುದರಲ್ಲೇ ಮುಗಿಯುತ್ತದೆ. ಸಂಜೆ ಹೊತ್ತಿದ್ದರೆ ಊರೊಳಗಿನ ಶಂಕರ ಹೊಂಡ ನೋಡಿ. ಅಘನಾಶಿನಿಯ ಒಂದು ಕವಲು ಹುಟ್ಟುವುದು ಅಲ್ಲಿ, ಇನ್ನೊಂದು ಮಂಜುಗುಣಿಯ ಕಡೆಯಿಂದ ಬರುತ್ತದೆ. ಊಟಕ್ಕೆ ಮಾವಿನ ಮಿಡಿಯ ತೆಳು ಸಾರಾದ ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ. ಅದಕ್ಕೆ ಬೇಕಾದ ಅಪ್ಪೆಮಿಡಿಯ ಮರಗಳು ಇಲ್ಲಿನ ಹೊಳೆದಂಡೆಗಳಲ್ಲೇ ಬೆಳೆಯುತ್ತವೆ.

ಎರಡನೆಯ ದಿನ ಪೂರ್ತಿ ಉಂಚಳ್ಳಿಗೆ ಕೊಡಿ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಹತ್ತಿರ ನದಿ 116 ಮೀಟರ್ ಕೆಳಗೆ ಬೀಳುತ್ತದೆ. ನಮ್ಮವರು ಇದನ್ನು ಕೆಪ್ಪ ಜೋಗ ಎಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ಅದರ ಮುಂದೆ ನಿಂತು ಮಾತನಾಡಲು ಹೋದವರಿಗೆ ಕಾರಣ ತಿಳಿಯುತ್ತದೆ. ಆಗ ಮಂಜು ಕವಿದು ಸದ್ದು ಮಾತ್ರ ಕೇಳುವ ದಿನಗಳೇ ಹೆಚ್ಚು. ನವೆಂಬರಿನಲ್ಲಿ ನೀರು ಇಳಿದಿರುತ್ತದೆ, ನೋಟ ತಿಳಿಯಾಗಿರುತ್ತದೆ. ಅಮ್ಮನವರಿಗೆ ಮೇಲಿನ ವೀಕ್ಷಣಾ ಸ್ಥಳವೇ ಸಾಕು. ಕೆಳಗಿನ ಮೆಟ್ಟಿಲು ಇಳಿಯುವುದು ಸುಲಭವಾದರೂ ಹತ್ತುವಾಗ ಮಂಡಿ ಹಿಡಿಯುತ್ತದೆ.

ಮೂರನೆಯ ದಿನ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿ. ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ಶಿರಸಿಯಲ್ಲಿ ಕೇಳಿಕೊಳ್ಳಿ. ಮಳೆ, ಕುಸಿತ, ಅಗಲೀಕರಣದ ಕಾಮಗಾರಿ ಎಂದು ಈ ದಾರಿಯನ್ನು ಆಗಾಗ ಮುಚ್ಚುತ್ತಾರೆ. ನಡುವೆ ಯಾಣ. 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಅಲ್ಲಿಂದ ಹೊರಡುವ ಚಂಡಿಹೊಳೆಯೂ ಕೊನೆಗೆ ಅಘನಾಶಿನಿಗೇ ಸೇರುವುದರಿಂದ ಯಾಣವನ್ನು ನಿಮ್ಮ ಪಟ್ಟಿಯಲ್ಲಿ ಉಳಿಸಿದ್ದೇನೆ.

ನಾಲ್ಕನೆಯ ದಿನದ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ಹೆಚ್ಚಿನ ಪ್ರವಾಸಿಗರು ಕುಮಟಾದಿಂದ ನೇರವಾಗಿ ಗೋಕರ್ಣದ ಓಂ ಬೀಚಿಗೆ ಹೋಗಿಬಿಡುತ್ತಾರೆ. ಅಘನಾಶಿನಿಯ ಅಳಿವೆ ದಾರಿಯಲ್ಲೇ ಇರುತ್ತದೆ, ಯಾರೂ ಗಾಡಿ ನಿಲ್ಲಿಸುವುದಿಲ್ಲ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ 2024ರಲ್ಲಿ ಸೇರಿದ ಜಾಗ ಇದು. ಬೆಳಿಗ್ಗೆ ಮಿರ್ಜಾನ ಕೋಟೆ ನೋಡಿ. ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಘಟ್ಟದ ಮೆಣಸು ಕಡಲು ಸೇರುತ್ತಿದ್ದ ಬಂದರು ಅದು. ಆಮೇಲೆ ತದಡಿಗೆ ಹೋಗಿ ಕಾರು ನಿಲ್ಲಿಸಿ, ಎದುರು ದಡದ ಅಘನಾಶಿನಿ ಎಂಬ ಹಳ್ಳಿಗೆ ಊರಿನವರ ಜೊತೆ ದೋಣಿಯಲ್ಲಿ ದಾಟಿ. ಬೇರೆ ವಿಹಾರದ ದೋಣಿ ಬೇಕಾಗಿಲ್ಲ.

ಸಮಯವನ್ನು ಮಾತ್ರ ಗಡಿಯಾರಕ್ಕಿಂತ ನೀರಿನ ಮಟ್ಟ ನೋಡಿ ಗೊತ್ತುಮಾಡಿ. ಉಬ್ಬರವಿಳಿತದ ವೇಳಾಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ದಿನಕ್ಕೆ ಎರಡು ಬಾರಿ ಏರುವ ನೀರು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದ ಹೊತ್ತಿಗೆ ಅಲ್ಲಿರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಂತೂ ನದಿಯ ನಡುವೆ ದಿಬ್ಬಗಳೇ ಏಳುತ್ತವೆ. ಹೆಂಗಸರು, ಗಂಡಸರು ಸೊಂಟದ ಮಟ್ಟದ ನೀರಿಗಿಳಿದು ಕಾಲಿನಿಂದ ಕೆಸರನ್ನು ತಡವಿ, ಕೈಯಿಂದ ಬಳಚು ಎಂಬ ಚಿಪ್ಪುಜೀವಿಯನ್ನು ಬಾಚಿ ತೇಲುವ ಬುಟ್ಟಿಗೆ ಹಾಕುತ್ತಿರುತ್ತಾರೆ. ಒಂದು ಮುಷ್ಟಿ ತೆಗೆದರೆ ಮರಿಗಳನ್ನು ಆಗಲೇ ನೀರಿಗೆ ಬಿಡುವವರನ್ನೂ ನೋಡಿದ್ದೇನೆ. ಫೋಟೋ ತೆಗೆಯುವ ಮುನ್ನ ಕೇಳಿ. ಅವರಿಗೆ ಅದು ದುಡಿಮೆಯ ಹೊತ್ತು, ನೀರು ಏರಿದರೆ ಆ ಹೊತ್ತಿನ ಸಂಪಾದನೆ ನಿಲ್ಲುತ್ತದೆ.

ದಡದ ಒಡ್ಡಿನಾಚೆಯ ತಗ್ಗು ಗದ್ದೆಗಳೇ ಗಜನಿ. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಅಲ್ಲಿ ಬೆಳೆಯುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿ, ಮೀನುಗಳಿಗೆ ಆಹಾರವಾಗುತ್ತದೆ. ನೀವು ಹೋಗುವ ಹೊತ್ತಿಗೆ ಕೊಯ್ಲು ಮುಗಿದಿರಬಹುದು, ಆದರೆ ನೀರಿನ ಮೇಲೆ ಕಾಣುವ ಆ ಕಡ್ಡಿಗಳು ಏನೆಂದು ಅಮ್ಮನವರಿಗೆ ಹೇಳಬಹುದಲ್ಲ. ಸಾಣಿಕಟ್ಟಾದ ಉಪ್ಪಿನ ಕೆಲಸ ಬೇಸಿಗೆಯದು. ಈಗ ಅಲ್ಲಿ ನೀರು ನಿಂತ ಗದ್ದೆಗಳು, ಹಕ್ಕಿಗಳು.

ಒಂದು ಮಾತು ಮರೆಯಬೇಡಿ: ನದಿಯ ಬಾಯಲ್ಲಿ ಈಜಲು ಇಳಿಯಬೇಡಿ. ಇಳಿತದ ಸಮಯದಲ್ಲಿ ನೀರು ಮೇಲೆ ಶಾಂತವಾಗಿ ಕಂಡರೂ ಸೆಳೆತ ಕಡಲಿನ ಕಡೆಗೇ ಇರುತ್ತದೆ. ಊರಿನವರು ಬೇಡವೆಂದ ಜಾಗದಲ್ಲಿ ಕಾಲು ತೊಳೆಯುವುದೂ ಬೇಡ. ಜಲಪಾತದ ಕೆಳಗಿನ ಗುಂಡಿಗಳಿಗೂ ಇದೇ ಮಾತು.

ಐದನೆಯ ದಿನ ಕುಮಟಾದಿಂದ ಬೇಗ ಹೊರಟು ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿ, ಕಾಸರಕೋಡಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗಿನ ಮರದ ಕಾಲುದಾರಿಯಲ್ಲಿ ಅಮ್ಮನವರನ್ನು ನಡೆಸಿ. ಸಮತಟ್ಟಾಗಿದೆ, ನೆರಳಿದೆ. ನಂತರ ಗೇರುಸೊಪ್ಪೆ ಘಟ್ಟ ಹತ್ತಿ ಸಾಗರ, ಶಿವಮೊಗ್ಗದ ಮೇಲೆ ವಾಪಸಾಗಿ. ಜೋಗ ಅದೇ ದಾರಿಯಲ್ಲಿ ಸಿಗುತ್ತದೆ. ನೀರು ಕಡಿಮೆಯಿದ್ದರೂ ಆ ಕಣಿವೆಗಾಗಿ ಅರ್ಧ ಗಂಟೆ ನಿಲ್ಲಬಹುದು. ಕಾರವಾರ, ಮಾಗೋಡು, ಸಾತೊಡ್ಡಿಗಳನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ. ಯಲ್ಲಾಪುರದಲ್ಲಿ ಉಳಿದರೆ ಆ ಎರಡೂ ಜಲಪಾತಗಳು ಹತ್ತಿರವಾಗುತ್ತವೆ. ನಿಮ್ಮ ತಾರೀಖು ತಿಳಿಸಿದರೆ ತದಡಿಯಲ್ಲಿ ಇಳಿತ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿ ಹೇಳುತ್ತೇನೆ.