ದೇವಕಣಗಿಲೆ ಕಡ್ಡಿ ಚಿಗುರಿದ ಮೇಲೂ ಕೊಳೆಯುವುದೇಕೆ?

ಪ್ರಶ್ನೆ: ಗೆಳತಿಯ ತೋಟದಿಂದ ದೇವಕಣಗಿಲೆ, ಅಂದರೆ ಪ್ಲುಮೇರಿಯಾದ ಕೊಂಬೆ ತಂದು ಅಂದೇ ಕುಂಡದಲ್ಲಿ ನೆಟ್ಟೆ. ದಿನಾ ನೀರು ಹಾಕಿದೆ. ತುದಿಯಲ್ಲಿ ಎಲೆಯೂ ಬಂತು. ಮೂರೇ ವಾರಕ್ಕೆ ಎಲೆ ಬಾಡಿತು. ಕಿತ್ತು ನೋಡಿದರೆ ಬುಡವೆಲ್ಲ ಕಪ್ಪು, ಮೆತ್ತಗೆ. ಎಲ್ಲಿ ತಪ್ಪಾಯಿತು?

ಉತ್ತರ: ಕತ್ತರಿಸಿದ ದಿನವೇ ನೆಟ್ಟಿರಿ, ಆಮೇಲೆ ದಿನಾ ನೀರು ಹಾಕಿದಿರಿ. ಎರಡೂ ಸೇರಿ ಕಡ್ಡಿಯನ್ನು ಕೊಳೆಸಿವೆ. ಈ ಗಿಡದ ಕೊಂಬೆ ದಪ್ಪ. ಒಳಗೆ ನೀರೂ ಆಹಾರವೂ ತುಂಬಿರುತ್ತವೆ. ಹಾಗಾಗಿ ಬೇರಿಲ್ಲದೆ ವಾರಗಟ್ಟಲೆ ಬದುಕುತ್ತದೆ. ಆದರೆ ಹಸಿ ಗಾಯವನ್ನು ಒದ್ದೆ ಮಣ್ಣಿಗೆ ಇಳಿಸಿದರೆ ಕೊಳೆರೋಗ ಅಲ್ಲಿಂದಲೇ ಒಳಗೆ ನುಗ್ಗುತ್ತದೆ.

ಎಲೆ ಬಂದಾಗ ಕಡ್ಡಿ ಬೇರು ಬಿಟ್ಟಿದೆ ಅಂದುಕೊಂಡಿರಿ, ಅಲ್ವಾ? ತುಂಬಾ ಜನ ಇಲ್ಲೇ ಎಡವುತ್ತಾರೆ. ಕಡ್ಡಿ ತನ್ನೊಳಗಿನ ಆಹಾರದಿಂದಲೇ ಚಿಗುರುತ್ತದೆ, ಅದಕ್ಕೆ ಒಂದು ಬೇರೂ ಬೇಕಿಲ್ಲ. ಕೆಲವೊಮ್ಮೆ ಮೊಗ್ಗೂ ಬರುತ್ತದೆ. ಎಷ್ಟೇ ಆಸೆಯಾದರೂ ಆ ಮೊಗ್ಗನ್ನು ಚಿವುಟಿಬಿಡಿ. ಬೇರಿಗೆ ಹೋಗಬೇಕಾದ ಶಕ್ತಿಯನ್ನು ಅದು ತಿನ್ನುತ್ತದೆ.

ಮುಂದಿನ ಸಲ ಚಳಿ ಕಳೆದು ಗಿಡ ಹೊಸ ಚಿಗುರು ಬಿಡುವ ಹೊತ್ತಿಗೆ ಕಡ್ಡಿ ತೆಗೆಯಿರಿ. ಹಸಿರು ಎಳೆ ಕೊಂಬೆ ಬೇಡ, ಅದು ಬೇಗ ಕೊಳೆಯುತ್ತದೆ. ತೊಗಟೆ ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ, ತುದಿ ಇರುವ, 30ರಿಂದ 45 ಸೆಂ.ಮೀ. ಉದ್ದದ ಕೊಂಬೆ ಒಳ್ಳೆಯದು. ಚಾಕು ಹರಿತವಾಗಿರಲಿ, ಚೊಕ್ಕಟವಾಗಿರಲಿ. ಕತ್ತರಿಸಿದ ಕೂಡಲೇ ಬಿಳಿ ಸೊನೆ ಸುರಿಯುತ್ತದೆ. ಅದು ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತದೆ, ಕೈಗವಸು ಹಾಕಿಕೊಳ್ಳಿ. ದೊಡ್ಡ ಎಲೆಗಳನ್ನೆಲ್ಲ ತೆಗೆದು, ಕಡ್ಡಿಯನ್ನು ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ಸುಮ್ನೆ ಇಟ್ಟುಬಿಡಿ. ಗಾಯ ಒಣಗಿ ಗಟ್ಟಿ ಪದರ ಕಟ್ಟಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಬೇರು ಬರಿಸುವ ಪುಡಿ ಇದ್ದರೆ ನೆಡುವ ಮುಂಚೆ ಹಚ್ಚಿ, ಇಲ್ಲದಿದ್ದರೂ ನಡೆಯುತ್ತದೆ.

ಅರ್ಧ ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು), ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ. ಗೊಬ್ಬರ ಈಗ ಬೇಡ. ಕುಂಡ ಚಿಕ್ಕದಿರಲಿ, ದೊಡ್ಡದರಲ್ಲಿ ತೇವ ಜಾಸ್ತಿ ದಿನ ನಿಲ್ಲುತ್ತದೆ. ಕಡ್ಡಿಯನ್ನು 7ರಿಂದ 10 ಸೆಂ.ಮೀ. ಆಳಕ್ಕೆ ಇಳಿಸಿ ಕೋಲಿಗೆ ಕಟ್ಟಿ. ಅಲುಗಾಡಿದರೆ ಹೊಸ ಬೇರು ತುಂಡಾಗುತ್ತದೆ. ನೆಟ್ಟ ದಿನ ಒಮ್ಮೆ ನೀರು ಕೊಡಿ. ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ, ಅದೂ ಸ್ವಲ್ಪವೇ. ಎರಡು ಮೂರು ಎಲೆ ಪೂರ್ತಿ ಬಿಚ್ಚಿಕೊಂಡು ಬಾಡದೆ ನಿಂತ ಮೇಲೆ ನಿಧಾನವಾಗಿ ನೀರು ಹೆಚ್ಚಿಸಿ. ಬೆಚ್ಚಗಿನ ಜಾಗ ಬೇಕು, 25 ಡಿಗ್ರಿಗಿಂತ ಮೇಲಿದ್ದರೆ ಚೆನ್ನ. ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಬೇರು ಬರುತ್ತದೆ, ಕೆಲವಕ್ಕೆ ಮೂರು ತಿಂಗಳೂ ಬೇಕು. ನಡುವೆ ಕಿತ್ತು ನೋಡಬೇಡಿ. ಕುತೂಹಲ ತಡೆಯಲಾಗದಿದ್ದರೆ ತಳಕ್ಕೆ ತೂತು ಕೊರೆದ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ನೆಡಿ, ಬಿಳಿ ಬೇರು ಹೊರಗಿನಿಂದಲೇ ಕಾಣುತ್ತದೆ.

ಪ್ರಶ್ನೆ: ಬುಡ ಮಾತ್ರ ಕೊಳೆತಿದೆ, ಮೇಲಿನ ಭಾಗ ಗಟ್ಟಿಯಾಗಿದೆ. ಉಳಿಸಬಹುದಾ?

ಉತ್ತರ: ಖಂಡಿತ ಪ್ರಯತ್ನಿಸಿ. ಕೊಳೆತ ಭಾಗದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ಒಳಗೆ ಕಂದು ಕಲೆ ಒಂದೂ ಇಲ್ಲದೆ ಬಿಳಿ ತಿರುಳು ಕಾಣುವವರೆಗೆ ನಿಲ್ಲಿಸಬೇಡಿ. ಪ್ರತಿ ಸಲ ಕತ್ತರಿಸಿದ ಮೇಲೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಆಮೇಲೆ ಮತ್ತೆ ಒಣಗಿಸಿ, ಹೊಸ ಮಿಶ್ರಣದಲ್ಲಿ ನೆಡಿ. ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ.

ಪ್ರಶ್ನೆ: ನೆಟ್ಟು ತಿಂಗಳಾಯಿತು. ಕಡ್ಡಿ ಸುಕ್ಕುಗಟ್ಟುತ್ತಿದೆ. ನೀರು ಜಾಸ್ತಿ ಮಾಡಲೇ?

ಉತ್ತರ: ಮೊದಲು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಹೆದರಬೇಡಿ. ಒಳಗಿನ ನೀರು ಖರ್ಚಾದಾಗ ಸ್ವಲ್ಪ ಸುಕ್ಕು ಸಹಜ, ಬೇರು ಬಂದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಕಾಂಡದ ಮೇಲೆ ಬೆಳಿಗ್ಗೆ ತೆಳುವಾಗಿ ನೀರು ಚಿಮುಕಿಸಿದರೆ ಸಾಕು. ಬಿಸಿಲು ಜೋರಾಗಿದ್ದರೆ ಕುಂಡವನ್ನು ಅರೆನೆರಳಿಗೆ ಸರಿಸಿ. ಒತ್ತಿದಾಗ ಬೆರಳು ಒಳಗೆ ಹೋದರೆ ಅದು ಕೊಳೆತ. ಆಗ ತಡಮಾಡದೆ ಮೇಲೆ ಹೇಳಿದಂತೆ ಕತ್ತರಿಸಿ.