ಬ್ಯಾಡಗಿ ಖಾರದ ಪುಡಿ ರಫ್ತಿಗೆ ಮೊದಲು ದುಬೈ ನೋಡಬೇಕೋ, ಜರ್ಮನಿಯೋ?

ಹಾವೇರಿ ಕಡೆಯಿಂದ ಬ್ಯಾಡಗಿ ಖಾರದ ಪುಡಿ ಹೊರದೇಶಕ್ಕೆ ಕಳಿಸಬೇಕು, ದುಬೈ ಮತ್ತು ಜರ್ಮನಿ ಮಾರುಕಟ್ಟೆಗಳನ್ನು ಹೇಗೆ ಅಳೆಯುವುದು ಎಂದು ಕೇಳಿದ್ದೀರಿ. ನಾನು ಮಸಾಲೆ ರಫ್ತಿನ ಕಾಗದಪತ್ರ ನೋಡಿಕೊಳ್ಳುವವನು. ಯಾವ ದೇಶಕ್ಕೆ ಎಷ್ಟು ಮಾಲು ಹೋಗುತ್ತದೆ ಎಂಬ ಲೆಕ್ಕ ಆಮೇಲೆ ತೆಗೆಯಿರಿ. ಎಲ್ಲಿ, ಏಕೆ ಮಾಲು ವಾಪಸ್ ಬರುತ್ತದೆ ಎಂಬುದನ್ನು ಮೊದಲು ನೋಡಿ.

ಜರ್ಮನಿಯೂ ಸೇರಿದ ಯುರೋಪ್ ಒಕ್ಕೂಟಕ್ಕೆ ಆರ್‌ಎಎಸ್‌ಎಫ್‌ಎಫ್ ಎಂಬ ಎಚ್ಚರಿಕೆ ವ್ಯವಸ್ಥೆ ಇದೆ. ಗಡಿಯಲ್ಲಿ ತಡೆದ ಸರಕು ಯಾವ ದೇಶದ್ದು, ಅದರಲ್ಲಿ ಏನು ಸಿಕ್ಕಿತು ಎಂಬುದು ಯಾರು ಬೇಕಾದರೂ ನೋಡಬಹುದಾದಂತೆ ಅಲ್ಲಿ ಸಿಗುತ್ತದೆ. ಒಂದು ಸಂಜೆ ಕೂತು ಭಾರತದ ಮೆಣಸಿನಕಾಯಿ ಎಂದು ಹುಡುಕಿ ಓದಿ. ಅಫ್ಲಾಟಾಕ್ಸಿನ್ (ಬೂಸ್ಟಿನಿಂದ ಹುಟ್ಟುವ ವಿಷ), ಕೀಟನಾಶಕದ ಉಳಿಕೆ ಇವೇ ಹೆಚ್ಚು ಕಾಣುವ ಹೆಸರುಗಳು. ಅಲ್ಲಿ ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ ಮೀರುವಂತಿಲ್ಲ, ಎಲ್ಲ ಬಗೆಯೂ ಸೇರಿ 10. ಇದು ಗಿರಣಿಯಲ್ಲಿ ಸರಿಹೋಗುವ ವಿಷಯವಲ್ಲ. ಕಾಯಿಯನ್ನು ಬರಿ ನೆಲದ ಮೇಲೆ ಹರವಿ, ರಾತ್ರಿ ಇಬ್ಬನಿ ಬಿದ್ದು, ತೇವ ಆರುವ ಮೊದಲೇ ಚೀಲ ತುಂಬಿದರೆ ಬೂಸ್ಟು ಅಲ್ಲಿಂದಲೇ ಶುರು. ಹಾಗಾಗಿ ಜರ್ಮನಿಯ ಅಧ್ಯಯನದ ಅರ್ಧ ಭಾಗ ನಿಮ್ಮ ರೈತರ ಕಣದಲ್ಲೇ ನಡೆಯಬೇಕು.

ಬಣ್ಣದ ಬಗ್ಗೆಯೂ ಅವರಿಗೆ ಹಳೆಯ ಭಯವಿದೆ. 2003ರಲ್ಲಿ ಫ್ರಾನ್ಸಿನಲ್ಲಿ ಭಾರತದ ಖಾರದ ಪುಡಿಯಲ್ಲಿ ಸುಡಾನ್ 1 ಎಂಬ ಕೃತಕ ಬಣ್ಣ ಸಿಕ್ಕಿತು. 2005ರಲ್ಲಿ ಅದೇ ಬಣ್ಣ ಬೆರೆತ ಪುಡಿ ಸಾಸಿಗೆ ಸೇರಿ, ಬ್ರಿಟನ್ನಿನಲ್ಲಿ 400ಕ್ಕೂ ಹೆಚ್ಚು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯಿತು. ನಮ್ಮ ಬ್ಯಾಡಗಿಯದು ಹುಟ್ಟಾ ಕಡುಗೆಂಪು. ಅದು ಕಾಯಿಯದೇ ಬಣ್ಣ ಎಂದು ಲ್ಯಾಬ್ ವರದಿ ಹೇಳಬೇಕು, ನಿಮ್ಮ ಮಾತು ಸಾಲದು.

ಆದರೆ ನಿಮ್ಮ ಬಲವೂ ಅದೇ ಬಣ್ಣ. ಖಾರದಲ್ಲಿ ಗುಂಟೂರಿನ ತೇಜಾ ಮೆಣಸಿನಕಾಯಿ ಜೊತೆ ಪೈಪೋಟಿಗೆ ಇಳಿಯಬೇಡಿ, ಸೋಲುತ್ತೀರಿ. ಜರ್ಮನಿಯಲ್ಲಿ ಸಾಸ್, ಮಾಂಸದ ಮಸಾಲೆ ಮಾಡುವ ಕಾರ್ಖಾನೆಯವರು ಬಣ್ಣವನ್ನು 'ಆಸ್ಟಾ' ಅಂಕಿಯಲ್ಲಿ, ಅಂದರೆ ಲ್ಯಾಬಿನಲ್ಲಿ ಅಳೆದ ಬಣ್ಣದ ಗಾಢತೆಯಲ್ಲಿ, ಕೇಳುತ್ತಾರೆ. ಆ ಅಂಕಿ ಕೈಯಲ್ಲಿಲ್ಲದೆ ಅವರಿಗೆ ಇಮೇಲ್ ಕೂಡ ಬರೆಯಬೇಡಿ. 2011ರಲ್ಲಿ ಬ್ಯಾಡಗಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚ್ಯಂಕ) ಮಾನ್ಯತೆ ನಮಗೆ ಹೆಮ್ಮೆಯದು, ಆದರೆ ಕಾರ್ಖಾನೆಯ ಖರೀದಿದಾರ ಅದೊಂದಕ್ಕೇ ದರ ಏರಿಸುವುದಿಲ್ಲ.

ದುಬೈ ಬೇರೆಯೇ ಲೋಕ. ಅಲ್ಲಿ ನೀವು ಚಿಲ್ಲರೆ ಪೊಟ್ಟಣ ಮಾರುತ್ತೀರಿ, ಅರೇಬಿಕ್ ಲೇಬಲ್ ಬೇಕು, ದೊಡ್ಡ ಮಸಾಲೆ ಕಂಪನಿಗಳು ಆಗಲೇ ಶೆಲ್ಫ್ ಹಿಡಿದಿವೆ. ಅಲ್ಲಿನ ಕನ್ನಡಿಗರು ಊರಿನ ಪುಡಿ ಎಂದು ಖುಷಿಯಿಂದ ಕೊಳ್ಳುತ್ತಾರೆ ನಿಜ, ಆದರೆ ಅಷ್ಟೇ ಜನರನ್ನು ನಂಬಿ ಕಂಟೇನರ್ ತುಂಬಲಾಗದು. ದುಬೈ ಇರುವ ಯುಎಇ ಜೊತೆಗಿನ ಭಾರತದ ಸೀಪಾ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಪುಡಿಯ ಎಚ್‌ಎಸ್ ಕೋಡ್ (ಕಸ್ಟಮ್ಸ್ ಸರಕನ್ನು ಗುರುತಿಸುವ ಸಂಖ್ಯೆ) 0904 22. ಅದಕ್ಕೆ ಎಷ್ಟು ಸುಂಕ ಎಂದು ಒಪ್ಪಂದದ ಪಟ್ಟಿಯಲ್ಲೇ ನೋಡಿ. ಮಾಲು ಭಾರತದ್ದೇ ಎಂದು ಹೇಳುವ ಮೂಲ ಪ್ರಮಾಣಪತ್ರ ಇಲ್ಲದೆ ರಿಯಾಯಿತಿ ಸಿಗದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ದುಬೈಗೆ ಸಣ್ಣ ಪ್ರಮಾಣದಲ್ಲಿ ಕಳಿಸುತ್ತಿದ್ದೆ, ಆದರೆ ಮಾಲನ್ನು ಯುರೋಪಿನ ಮಿತಿಗೇ ತಯಾರಿಸುತ್ತಿದ್ದೆ. ಐಇಸಿ (ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ), ಸ್ಪೈಸಸ್ ಬೋರ್ಡ್ ನೋಂದಣಿ ಎರಡೂ ಕಡೆಗೆ ಬೇಕೇ ಬೇಕು, ಇವತ್ತೇ ಅರ್ಜಿ ಹಾಕಿ. ಪರಿಚಯವಿಲ್ಲದ ಖರೀದಿದಾರನಿಗೆ ಸಾಲದ ಮೇಲೆ ಕಳಿಸುವುದಾದರೆ ಹಣ ಬಾರದ ಅಪಾಯಕ್ಕೆ ಸರ್ಕಾರಿ ಕಂಪನಿ ಇಸಿಜಿಸಿಯ ವಿಮೆ ಮಾಡಿಸಿ. ಬ್ಯಾಡಗಿಯ ಯಾವ ಬಗೆ, ದಪ್ಪನೆಯ ಡಬ್ಬಿಯೋ ತೆಳ್ಳನೆಯ ಕಡ್ಡಿಯೋ, ಒಣಗಿಸುವುದು ಎಲ್ಲಿ ಎಂದು ಕೆಳಗೆ ಬರೆದರೆ ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂದು ಹೇಳುತ್ತೇನೆ.